ಹೇಜಲ್‌ಗೆ ಹೊಲಿದ ಕಾಲುಗವಸು

ಸಾಕು ಗಿಡುಗ ಹೇಜಲ್ ಮೂರು ದಿನದಿಂದ ಬೇಟೆಗೆ ಎದ್ದಿರಲಿಲ್ಲ. ಕೆಂಟಕಿಯ ಆ ಗುಡ್ಡದಲ್ಲಿ ಅಳಿಲುಗಳು ಕಣ್ಣೆದುರೇ ಹಿಕರಿ ಕಾಯಿ ಹೆಕ್ಕುತ್ತಿದ್ದರೂ ಅದು ಗರಿ ಉಬ್ಬಿಸಿಕೊಂಡು ಕೊಂಬೆಯ ಮೇಲೆ ಕೂತೇ ಇತ್ತು. ಕೊಬ್ಬು ಹೆಚ್ಚಾಗಿ ಹಸಿವಿಲ್ಲದಿರಬೇಕೆಂದು ಅದನ್ನು ಸಾಕಿದ ವೆಂಡೆಲ್ ಸ್ಟ್ಯಾಂಪರ್ ಅದಕ್ಕೆ ಕೊಡುವ ಮಾಂಸವನ್ನು ಇನ್ನಷ್ಟು ಕಡಿಮೆ ಮಾಡಿದ. ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿದವನಿಗೆ ತಕ್ಕಡಿಯ ಮೇಲೆ ಅಪಾರ ನಂಬಿಕೆ. ಹಕ್ಕಿ ಹಸಿದು ಬೇಟೆಗೆ ಏಳುವ ತೂಕ ಸಾವಿರದ ನೂರು ಗ್ರಾಂ ಎಂದರೆ ಸಾವಿರದ ನೂರೇ.

ನಾಲ್ಕನೆಯ ದಿನ ಬೆಳಿಗ್ಗೆ ಹಕ್ಕಿಯ ಕಣ್ಣು ಅರ್ಧ ಮುಚ್ಚಿತ್ತು. ಹೆದರಿದ ವೆಂಡೆಲ್ ಓಪಲ್ ರಾಟ್ಲಿಫ್‌ಗೆ ಫೋನ್ ಮಾಡಿದ. ಬೂಟು ಹೊಲಿಯುತ್ತಲೇ ಎಪ್ಪತ್ತು ದಾಟಿದ ಓಪಲ್ ಅವನಿಗೆ ಗಿಡುಗ ಸಾಕುವ ವಿದ್ಯೆಯ ಗುರು. ಅಳಿಲು ತಿರುಗಿ ಕಚ್ಚಿದರೆ ಹಕ್ಕಿಯ ಕಾಲ್ಬೆರಳೇ ಹೋಗುತ್ತದೆಂದು ಹಠ ಹಿಡಿದು, ಕಳೆದ ವಾರ ಹೇಜಲ್‌ಗೆ ತೊಗಲಿನ ಕಾಲುಗವಸು ಹೊಲಿದುಕೊಟ್ಟವಳೂ ಅವಳೇ.

ಬಂದವಳು ಹಕ್ಕಿಯ ಎದೆಮೂಳೆಯ ಮೇಲೆ ಬೆರಳಾಡಿಸಿದಳು.

"ಬರೀ ಮೂಳೆ, ಕತ್ತಿ ಅಲಗಿನ ಹಾಗಿದೆ. ಮೇಷ್ಟ್ರೇ, ನೀವು ತೂಗಿದ್ದು ಹಕ್ಕಿನೋ, ಅದರ ಪ್ಯಾಂಟೋ?"

ವೆಂಡೆಲ್ ಹಕ್ಕಿಯ ಕಾಲಿನಿಂದ ಗವಸು ಬಿಚ್ಚಿ ತಕ್ಕಡಿಗೆ ಹಾಕಿದ. ಇಪ್ಪತ್ತೊಂಬತ್ತು ಗ್ರಾಂ. ಗವಸಿನ ಸಮೇತ ತೂಗಿ, ಅಷ್ಟನ್ನೂ ಅವನು ಹಕ್ಕಿಯ ಮೈಯಿಂದಲೇ ಇಳಿಸಿದ್ದ, ಅದೂ ನೀರು ಕಲ್ಲಾಗುವ ಚಳಿಯಲ್ಲಿ.

"ನಾನೇ ಕೊಂದೆ ಅಲ್ವಾ, ಓಪಲಮ್ಮ?"

"ಇನ್ನೂ ಇಲ್ಲ. ಆಮೇಲೆ ಅಳುವಿರಂತೆ, ಈಗ ನೀರು ಬೆಚ್ಚಗೆ ಮಾಡಿ."

ಲಾವಕ್ಕಿಯ ಮಾಂಸವನ್ನು ಉಗುರಿನಷ್ಟು ಚೂರು ಮಾಡಿ, ಬೆಚ್ಚನೆಯ ನೀರಲ್ಲಿ ಅದ್ದಿ ಒಂದೊಂದೇ ಕೊಟ್ಟಳು. ಒಮ್ಮೆಲೇ ಹೊಟ್ಟೆ ತುಂಬಿಸಿದರೆ ಸೋತ ಹಕ್ಕಿಗೆ ಅರಗುವುದಿಲ್ಲ. ಮೂರು ದಿನ ಅವನ ಅಡುಗೆಮನೆಯಲ್ಲೇ ಕೂತಳು. ಅವನ ಕಾಫಿಯನ್ನು ಬೈದಳು, ಕುಡಿದಳು. ತಪ್ಪಿನ ಮಾತು ಮಾತ್ರ ಮತ್ತೆ ಎತ್ತಲಿಲ್ಲ.

ಎರಡು ವಾರದ ನಂತರ, ಮತ್ತೆ ಗವಸು ತೊಟ್ಟ ಹೇಜಲ್ ಓಕ್ ಮರದ ಕವಲಿನಲ್ಲಿ ದೊಡ್ಡ ಅಳಿಲೊಂದರ ಸೊಂಟ ಹಿಡಿಯಿತು. ಅಳಿಲು ಮೈ ತಿರುಚಿ ಅದರ ಎಡಗಾಲಿಗೆ ಬಾಯಿ ಹಾಕಿತು. ಎರಡೂ ಗಿರಗಿರನೆ ತರಗೆಲೆಯ ಮೇಲೆ ಬಿದ್ದವು. ವೆಂಡೆಲ್ ಓಡಿಹೋಗಿ ಅಳಿಲನ್ನು ಮುಗಿಸಿ, ಗವಸಿನ ದಾರ ಬಿಚ್ಚಿದ. ತೊಗಲಿನಲ್ಲಿ ಹಲ್ಲಿನ ನಾಲ್ಕು ಗುರುತು. ಒಂದಂತೂ ಇನ್ನೊಂದು ಕೂದಲೆಳೆಯಷ್ಟು ಇಳಿದಿದ್ದರೆ ತೊಗಲು ದಾಟುತ್ತಿತ್ತು. ಒಳಗಿನ ಹಳದಿ ಕಾಲಿನಲ್ಲಿ ಗೀರೂ ಇರಲಿಲ್ಲ. ನಂಬಿಕೆ ಸಾಲದೆ ಬೆರಳುಗಳನ್ನು ಒಂದೊಂದಾಗಿ ಮಡಿಸಿ ನೋಡಿದ.

ಅಲ್ಲಿಂದಲೇ ಫೋನ್ ಮಾಡಿದ. "ಓಪಲಮ್ಮ, ಹಕ್ಕಿ ಉಳಿಸಿದ್ದೂ ನೀವೇ, ಅದರ ಕಾಲು ಉಳಿಸಿದ್ದೂ ನೀವೇ. ಥ್ಯಾಂಕ್ಸ್ ಹೇಗೆ ಹೇಳೋದು ಅಂತ ಗೊತ್ತಾಗ್ತಿಲ್ಲ."

"ಹೇಳ್ಬೇಡಿ. ಅಳಿಲಿನ ಹಿಂಗಾಲೆರಡು ತನ್ನಿ, ಸಾರು ಮಾಡ್ತೀನಿ."

ಹೇಜಲ್ ಅಳಿಲಿನ ಎದೆ ಬಗೆದು ಗುಂಡಿಗೆ ತಿನ್ನುತ್ತಿತ್ತು. ಅದು ಬೇಕಾದಷ್ಟು ತಿಂದು ಗಂಟಲ ಚೀಲ ಉಬ್ಬುವವರೆಗೂ ವೆಂಡೆಲ್ ಮಂಡಿಯೂರಿ ಕಾದ.