ಸೊಂಟದ ಅಳತೆ

"ಉಸಿರು ಬಿಡಿ ಸ್ವಾಮಿ, ಹೊಟ್ಟೆ ಒಳಗೆ ಎಳ್ಕೋಬೇಡಿ." ಗಿರಾಕಿಗಳಿಗೆ ಹೇಳುವುದನ್ನೇ ತನಗೆ ತಾನು ಹೇಳಿಕೊಂಡು ಟೈಲರ್ ತನ್ನ ಸೊಂಟಕ್ಕೆ ಟೇಪು ಸುತ್ತಿದ. ಮೂವತ್ತೊಂದು. ಅಂಗಡಿ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದಿದ್ದ ಮೂವತ್ತಾರು, ಮೂವತ್ತನಾಲ್ಕು, ಮೂವತ್ತಮೂರರ ಕೆಳಗೆ ಅದನ್ನೂ ಬರೆದು ಮೀಸೆಯ ಮೇಲೆ ಕೈಯಾಡಿಸಿದ.

ಸಕ್ಕರೆ ಕಾಯಿಲೆ ಎಂದು ಡಾಕ್ಟರು ಹೇಳಿ ವರ್ಷವಾಗಿತ್ತು. ದಿನಾ ನಡೆಯಿರಿ, ಸಿಹಿ ಬಿಡಿ, ಸೊಂಟ ಇಳಿಸಿ, ಮಾತ್ರೆ ತಪ್ಪಿಸಬೇಡಿ, ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿ ಎಂದಿದ್ದರು. ಇವನ ತಲೆಯಲ್ಲಿ ಕೂತದ್ದು ಸೊಂಟವೊಂದೇ. ಮೂವತ್ತು ವರ್ಷ ಟೇಪು ಹಿಡಿದವನಿಗೆ ಬೇರೆ ಪರೀಕ್ಷೆ ಯಾತಕ್ಕೆ? ನಡೆದ, ಸಿಹಿ ಬಿಟ್ಟ, ಸೊಂಟ ಇಳಿಯಿತು. ಮೂವತ್ತನಾಲ್ಕಕ್ಕೆ ಬಂದ ದಿನ ಕಾಯಿಲೆ ವಾಸಿಯಾಯಿತೆಂದು ಮಾತ್ರೆಯನ್ನೂ ಬಿಟ್ಟ. ಆಮೇಲೆ ಸೊಂಟ ಇನ್ನೂ ಬೇಗ ಇಳಿಯಿತು. ಪಾಪ, ಹಿಗ್ಗಿ ಹೀರೇಕಾಯಿಯಾದ.

ಹೆಂಡತಿ ನೆಲದ ಮೇಲೆ ಕೂತು ಗುಂಡಿ ಹೊಲಿಯುತ್ತಿದ್ದಳು. "ರೀ, ಆ ನೀಲಿ ತಲೆ ಪಿನ್ನು ಕಂಡ್ರಾ? ಮೊನ್ನೆಯಿಂದ ಹುಡುಕ್ತಿದ್ದೀನಿ."

"ಎಲ್ಲಿ ಹೋಗುತ್ತೆ ಬಿಡೇ," ಎಂದು ಅವನು ಬರಿಗಾಲಲ್ಲೇ ಮಿಷನ್ನು ತುಳಿಯತೊಡಗಿದ.

ಆಗ ಪ್ಯಾಂಟು ಸಡಿಲ ಮಾಡಿಸಲು ಮೇಷ್ಟ್ರು ಬಂದರು. ಅವರಿಗೂ ಅದೇ ಕಾಯಿಲೆ, ಹನ್ನೆರಡು ವರ್ಷದಿಂದ. "ಏನ್ರೀ ಇದು, ಅರ್ಧ ಆಗ್ಬಿಟ್ಟಿದ್ದೀರಲ್ಲ!"

"ಎಲ್ಲ ನಡಿಗೆ ಮಹಿಮೆ ಮೇಷ್ಟ್ರೇ. ನೀವು ಮಾತ್ರೆ ನುಂಗ್ತಾ ಇರಿ, ನಾನು ಪ್ಯಾಂಟು ಸಡಿಲ ಮಾಡ್ತಾ ಇರ್ತೀನಿ."

ಮೇಷ್ಟ್ರು ನಗಲಿಲ್ಲ. ಟೈಲರ್ ಚೊಂಬೆತ್ತಿ ಗಟಗಟನೆ ಬರಿದು ಮಾಡಿ, ಬಿಂದಿಗೆಯಿಂದ ಇನ್ನೊಂದು ತುಂಬಿಸಿಕೊಂಡು ಅದನ್ನೂ ಕುಡಿದ.

"ಯಾವಾಗಿಂದ ಹೀಗೆ ನೀರು ಕುಡೀತಿದ್ದೀರಿ?"

"ಸೆಕೆ ಅಲ್ವಾ."

ಮೇಷ್ಟ್ರು ಬೀದಿಯತ್ತ ನೋಡಿದರು. ಹೋಗಿಬರುವವರೆಲ್ಲ ಸ್ವೆಟರ್ ಹಾಕಿದ್ದರು. "ನಾಳೆ ಖಾಲಿ ಹೊಟ್ಟೇಲಿ ಲ್ಯಾಬಿಗೆ ಹೋಗೋಣ. ನಾನೂ ಬರ್ತೀನಿ."

"ನನ್ನ ಟೇಪು ಸುಳ್ಳು ಹೇಳಲ್ಲ ಮೇಷ್ಟ್ರೇ," ಎಂದು ಅವನು ನಗುತ್ತಾ ಮತ್ತೆ ತುಳಿದ.

ಉರುಳಿಹೋದ ಗುಂಡಿಯೊಂದನ್ನು ಹುಡುಕುತ್ತಾ ಹೆಂಡತಿ ಮಿಷನ್ನಿನ ಕೆಳಗೆ ಬಗ್ಗಿದಳು. ಬಗ್ಗಿದವಳು ಹಾಗೇ ಉಳಿದಳು. "ರೀ... ತುಳೀಬೇಡಿ. ಬಲಗಾಲು ಎತ್ತಿ."

ಹಿಮ್ಮಡಿಯಲ್ಲಿ ನೀಲಿ ತಲೆಯೊಂದೇ ಕಾಣುತ್ತಿತ್ತು. ಸುತ್ತ ಚರ್ಮ ಕಪ್ಪಾಗಿತ್ತು. ಅವಳು ಉಗುರಿನಲ್ಲಿ ಹಿಡಿದು ಪಿನ್ನು ಎಳೆದಳು. ಅವನು ಮುಖ ಕೂಡ ಕಿವುಚಲಿಲ್ಲ.

"ನೋವಾಗ್ಲಿಲ್ವಾ?"

"ಏನು?"

ಅವಳು ಅಂಗೈ ಬಿಚ್ಚಿ ತೋರಿಸಿದಳು. ಅವನ ನಗು ಇಂಗಿತು. ಭಯವಾಯಿತು, ಅದನ್ನು ಮುಚ್ಚಿಡಲು ಅವಳಿಂದ ಕಣ್ಣು ತಿರುಗಿಸಿ ಮೇಷ್ಟ್ರ ಮುಖ ನೋಡಿದ. ಅಲ್ಲೂ ಭಯವೇ ಇತ್ತು.

"ಆ ಕಾಲು ತುಳಿದೂ ತುಳಿದೂ ಜಡ್ಡುಗಟ್ಟಿದೆ ಅಷ್ಟೆ," ಎಂದು ಎಡಗಾಲನ್ನು ಅವಳ ಮಡಿಲಿಗೆ ಚಾಚಿದ. "ಬೇಕಾದ್ರೆ ಇದಕ್ಕೆ ನಿನ್ನ ಸೂಜಿ ತಾಗಿಸಿ ನೋಡು." ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಕಾದ.

ಮೇಷ್ಟ್ರು ಬಾಗಿಲ ಹಿಂದಿನ ಅಂಕಿಗಳ ಕಡೆಗೆ ಮುಖ ತಿರುಗಿಸಿದರು.

"ಯಾಕೆ ಹೆದರ್ತೀಯೆ? ಚುಚ್ಚು."

ಅವಳು ಆಗಲೇ ಎರಡು ಸಲ ಚುಚ್ಚಿದ್ದಳು.