ನಾಲ್ಕನೆಯ ಹೆಗಲು

ಸೂಡಿಯ ನಾಟಕ ಮಂಡಳಿಗೆ ಅಸೂಟಿಯಿಂದ ಕರೆ ಬಂದಾಗ ಮಾಲತೇಶ ಮೀಸೆಯೊಳಗೇ ನಕ್ಕ. ಅಸೂಟಿ ಅವನು ಹುಟ್ಟಿದ ಊರು. ಹೊಲದ ಬಾಂದಿನ ತಕರಾರಿನಲ್ಲಿ ಈಶಪ್ಪ ಗೌಡನ ವಿರುದ್ಧ ಸಾಕ್ಷಿ ಹೇಳಿದ್ದಕ್ಕೆ ಊರು ಅವನನ್ನು ದೂರವಿಟ್ಟಿತ್ತು. ಅವ್ವ ಮಾಯವ್ವ ತೀರಿಕೊಂಡಾಗ ಈಶಪ್ಪನ ಮಾತು ಮೀರಿ ಹೆಗಲು ಕೊಡಲು ಒಬ್ಬನೂ ಬರಲಿಲ್ಲ. ಅವನೂ ಅವನ ಹೆಂಡತಿಯೂ ಇಬ್ಬರೇ ಹೆಣವನ್ನು ತಳ್ಳುಗಾಡಿಯಲ್ಲಿ ಒಯ್ದು ಮಣ್ಣು ಮಾಡಿ, ಸೂಡಿಯ ಬಸ್ಸು ಹತ್ತಿದ್ದರು.

ನಾಟಕ ಮಂಡಳಿಯ ದುರಗೇಶ ಬರೆದದ್ದು. ದೇಶ ಕಳೆದುಕೊಂಡ ಪೋಲಂಡಿನವರು ತುರ್ಕರ ದಂಡು ಸೇರಿ, ತಮ್ಮನ್ನು ಓಡಿಸಿದ ರಷ್ಯದ ದೊರೆಯ ಮೇಲೆ ಕಾದುವ ಕತೆ. ಅವರಲ್ಲೊಬ್ಬನ ಪಾತ್ರ ಮಾಲತೇಶನದು.

“ಮಂದಿ ಅಂಗಿ ತೊಟ್ಟು ಯಾಕ ಬಡದಾಡ್ತಾರೋ ಇವರು?” ಎಂದು ತಾಲೀಮಿನಲ್ಲಿ ಜೊತೆಯ ನಟ ಪರಶು ಕೇಳಿದ್ದ.

“ತಮ್ಮ ಅಂಗೀನ ಕಸಗೊಂಡಾರಲ್ಲ, ಅದಕ್ಕ. ನಿಮ್ಮ ಮಂಡಳಿಯಾಗ ನಾ ಇಲ್ಲೇನು?” ಎಂದಿದ್ದ ಮಾಲತೇಶ.

ಅಸೂಟಿಯಲ್ಲಿ ಮೂರನೆಯ ಅಂಕ ಮುಗಿದಾಗ ವಾಡಿಕೆಯಂತೆ ಆಟ ನಿಲ್ಲಿಸಿ ಪಾತ್ರಧಾರಿಗಳಿಗೆ ಶಾಲು, ಹಣದ ಆಹೇರಿ ಕೊಡುವುದು ಶುರುವಾಯಿತು. ಊರ ಹಿರಿಯನೆಂದು ಈಶಪ್ಪ ಶಾಲು ಹಿಡಿದು ರಂಗ ಹತ್ತಿದ.

“ನಮ್ಮೂರ ಹುಡುಗ. ಚಲೋ ಮಾಡ್ಯಾನ,” ಎಂದ ಮೈಕಿಗೆ, ಏನೂ ಆಗಿಯೇ ಇಲ್ಲವೆಂಬಂತೆ.

ಮಾಲತೇಶನಿಗೆ ತಳ್ಳುಗಾಡಿಯ ಆಚೆ ಚಾಚಿದ್ದ ಅವ್ವನ ಪಾದಗಳು ನೆನಪಾದವು.

“ಶಾಲು ಬ್ಯಾಡ್ರಿ ಗೌಡ್ರ. ಕಡೀ ಅಂಕದಾಗ ನನ್ನ ಹೆಣಾ ಹೊರಾಕ ಒಂದು ಹೆಗಲ ಕಮ್ಮಿ ಬಿದ್ದೈತಿ. ಪರಶು ಬಂದಿಲ್ಲ. ನೀವು ಕೊಡ್ರಿ.”

ಪರಶು ಸೂಡಿಯಲ್ಲೇ ಉಳಿಯಲೆಂದು ಎತ್ತಿಟ್ಟುಕೊಂಡಿದ್ದ ಅವನ ಬೈಕಿನ ಕೀಲಿ ಮಾಲತೇಶನ ತುರ್ಕಿ ಕೋಟಿನ ಕಿಸೆಯಲ್ಲೇ ಇತ್ತು.

“ಹೆಣಾನ?”

“ನಾಟಕದ್ದರೀ.”

ಯಾರೋ ಸೀಟಿ ಹೊಡೆದರು. “ಕೊಡ್ರಿ ಗೌಡ್ರ, ಹೆಗಲೇನ ಸವಿಯೂದಿಲ್ಲ.” ಮೈಕಿನೆದುರು ಒಲ್ಲೆ ಎನ್ನಲಾಗದೆ ಈಶಪ್ಪ ಶಾಲು ಮಡಚಿ ತಲೆಯಾಡಿಸಿದ.

ಕೊನೆಯ ಅಂಕದಲ್ಲಿ ಪರದೇಶಿ ಪರನೆಲದಲ್ಲಿ ಸತ್ತ. ಮೂವರು ತುರ್ಕಿ ಸಿಪಾಯಿಗಳು, ನಾಲ್ಕನೆಯವನಾಗಿ ಈಶಪ್ಪ. ಚಟ್ಟ ಮೇಲೆದ್ದಿತು. ಕಣ್ಣು ಮುಚ್ಚಿ ಮಲಗಿದ್ದ ಮಾಲತೇಶನಿಗೆ ಒಂದು ಮೂಲೆ ಮಾತ್ರ ನಡುಗುವುದು ತಿಳಿಯಿತು. ಗದ್ದಲ ಅಡಗಿತು. ಹೆಂಗಸರ ಸಾಲಿನಲ್ಲಿ ಈಶಪ್ಪನ ಹೆಂಡತಿ ರೇಣುಕವ್ವನ ದನಿ ಕೇಳಿತು: “ಮಾಯವ್ವಗ ಕೊಡಬೇಕಿತ್ತು ಈ ಹೆಗಲ.”

ಪರದೆಯ ಮರೆಗೆ ಬಂದೊಡನೆ ಈಶಪ್ಪ ಹೆಗಲು ತಗ್ಗಿಸಲು ನೋಡಿದ.

“ಇಳಸಬ್ಯಾಡ್ರಿ,” ಎಂದಿತು ಹೆಣ, ಮೆಲ್ಲಗೆ. “ಸುಡಗಾಡಿನ ತನಕಾ ಐತಿ.”

ಉಳಿದ ಮೂವರಿಗೂ ಇದು ಮೊದಲೇ ಗೊತ್ತಿತ್ತು. ಅವರು ನಿಲ್ಲದೆ ಹಿಂದಿನ ಮೆಟ್ಟಿಲಿಳಿದು ರಸ್ತೆ ಹಿಡಿದರು. ಈಗ ಹೆಗಲು ಕೊಡವಿದರೆ ಊರೆದುರು ಹೆಣ ಕೆಡವಿದಂತೆ. ಈಶಪ್ಪ ನಡೆದ. ಹಿಂದೆ ಖುರ್ಚಿಗಳು ಸರಿದ ಸಪ್ಪಳವಾಯಿತು. ಮೊಬೈಲಿನ ಬೆಳಕು ಹಿಡಿದು ಊರು ಎದ್ದು ಬರುತ್ತಿತ್ತು.

ಮಾಲತೇಶ ಮೈಯನ್ನು ಇನ್ನಷ್ಟು ಭಾರ ಮಾಡಿಕೊಂಡ.