ಎರಡು ತುಂಡು ಟೇಪು

ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಭಾವ ತನ್ನ ಬಾಮೈದನಿಗೆ ಎರಡು ವರ್ಷದಲ್ಲಿ ಕಲಿಸಿದ್ದು ಎರಡೇ ಕೆಲಸ: ಧೂಳು ಊದುವುದು, ಕಾರ್ಡುಗಳ ಹಳದಿ ಅಂಚನ್ನು ರಬ್ಬರಿನಿಂದ ಉಜ್ಜಿ ಥಳಥಳಿಸುವಂತೆ ಮಾಡುವುದು. ನಿಜವಾದ ರಿಪೇರಿ ಬಂದರೆ ಮಹಾನುಭಾವ ಬೆನ್ನು ತಿರುಗಿಸಿ ಕೂರುತ್ತಿದ್ದ.

ಅಕ್ಕ ಅತ್ತು ಕರೆದು ಗಂಡನಿಂದ ಒಂದು ಮಾತು ತೆಗೆದುಕೊಂಡಿದ್ದಳು. ಹಲ್ಲಿನ ಡಾಕ್ಟರ ಹಳೇ ಕಂಪ್ಯೂಟರನ್ನು ಬಾಮೈದ ತಾನೇ ಜೋಡಿಸಿ, ಅವರ ಕಣ್ಣೆದುರು ಪರದೆಯಲ್ಲಿ ಚಿತ್ರ ಮೂಡಿಸಿದರೆ ಅಂಗಡಿಯ ಎರಡನೇ ರಿಪೇರಿ ಮೇಜು ಅವನದು. ಇಲ್ಲದಿದ್ದರೆ ಪೊರಕೆಯೇ ಗತಿ.

ಡಾಕ್ಟರ ಎಕ್ಸ್‌ರೇ ಯಂತ್ರ ಆ ಮುದಿ ಪೆಟ್ಟಿಗೆಯೊಂದಿಗಲ್ಲದೆ ಬೇರೆ ಯಾವುದರ ಜೊತೆಗೂ ಹೊಂದುತ್ತಿರಲಿಲ್ಲ. ಅದರ ಗ್ರಾಫಿಕ್ಸ್ ಕಾರ್ಡು ಸತ್ತಿತ್ತು. ಹೊಸ ಕಾರ್ಡು ಹಾಕಿದರೆ ಹಳೇ ಬೋರ್ಡು ಒಪ್ಪದೆ ಪರದೆ ಕಪ್ಪಗೇ ಉಳಿಯುತ್ತಿತ್ತು. ಭಾವ ಮೂಲೆಯಲ್ಲಿ ಕೂತು ಕಾರ್ಡಿಗೆ ಏನೋ ಮಾಡಿದ, ಸಿಕ್ಕಿಸಿದ, ಚಿತ್ರ ಬಂತು. ಮತ್ತೆ ಬಿಚ್ಚಿ ಬಾಮೈದನ ಕೈಗಿಟ್ಟ.

"ಚೆನ್ನಾಗಿ ಉಜ್ಜು. ಡಾಕ್ಟ್ರು ಬಂದ ಮೇಲೆ ಹಾಕು."

"ಅಷ್ಟೇನಾ ಭಾವ?"

"ಅಷ್ಟೇ ಕಣಯ್ಯಾ. ಮಕ್ಕಳಾಟ."

ಪಾಪ, ಮನಸ್ಸಿಟ್ಟು ಉಜ್ಜಿದ. ಅಂಚಿನ ಒಂದು ಕಡೆ, ಎರಡು ಪಿನ್ನುಗಳ ಮೇಲೆ, ಕಂದು ಬಣ್ಣದ್ದೇನೋ ಅಕ್ಕಿಕಾಳಿನಷ್ಟು ಅಂಟಿತ್ತು. ಭಾವನ ಕಣ್ಣಿಗೇ ಬೀಳದ ಕೊಳೆ ತನಗೆ ಕಂಡಿತಲ್ಲ ಎಂದು ಒಳಗೊಳಗೇ ಹಿಗ್ಗಿ, ಉಗುರಿನಿಂದ ಕೆರೆದು ತೆಗೆದ.

ಡಾಕ್ಟರು ಬಂದರು. ಅಕ್ಕನೂ ಬಂದು ಬಾಗಿಲಲ್ಲಿ ನಿಂತಳು. ಅವನು ಕಾರ್ಡು ಸಿಕ್ಕಿಸಿ ಸ್ವಿಚ್ ಒತ್ತಿದ. ಫ್ಯಾನು ತಿರುಗಿತು, ಪರದೆ ಕಪ್ಪಗೇ ಇತ್ತು. ಇನ್ನೊಮ್ಮೆ ಒತ್ತಿದ. ಕಪ್ಪು.

"ಎರಡು ವರ್ಷದಿಂದ ಅನ್ನ ಹಾಕ್ತಿದ್ದೀನಿ ಡಾಕ್ಟ್ರೇ," ಎಂದ ಭಾವ. "ಒಂದು ಕಾರ್ಡು ಸಿಕ್ಕಿಸೋಕೂ ಬರಲ್ಲ. ಹೆಂಡತಿ ತಮ್ಮ, ಏನ್ ಮಾಡಲಿ ಹೇಳಿ."

"ಸದ್ಯ, ಇವನ ಕೈಲಿ ನನ್ನ ಇಕ್ಕಳ ಇಲ್ಲವಲ್ಲಪ್ಪ!" ಎಂದು ಡಾಕ್ಟರು ಗಹಗಹಿಸಿ ನಕ್ಕರು.

ಭಾವ ಜೇಬಿನಿಂದ ಮಡಚಿದ ಕಾಗದ ತೆಗೆದ. ಅದಕ್ಕೆ ಅಂಟಿದ್ದ ಕಂದು ಬಣ್ಣದ ಟೇಪಿನ ಚೂರನ್ನು ಬಿಡಿಸಿ, ಅದೇ ಎರಡು ಪಿನ್ನುಗಳ ಮೇಲೆ ಒತ್ತಿದ. ಆ ಎರಡನ್ನು ಮುಚ್ಚಿದರೆ ಮಾತ್ರ ಹಳೇ ಬೋರ್ಡು ಹೊಸ ಕಾರ್ಡನ್ನು ಒಪ್ಪುತ್ತಿತ್ತು. ಸಿಕ್ಕಿಸಿದ. ಚಿತ್ರ ಬಂತು. ಡಾಕ್ಟರು ಭಾವನ ಬೆನ್ನು ತಟ್ಟಿ, ಪೆಟ್ಟಿಗೆ ಹೊರಿಸಿಕೊಂಡು ಹೋದರು.

ಬಾಮೈದ ತನ್ನ ಉಗುರು ನೋಡಿಕೊಂಡ. "ಅದು ಕೊಳೆ ಅಂದ್ಕೊಂಡೆ ಭಾವ. ನೀವೇ ಉಜ್ಜು ಅಂದ್ರಿ..."

"ಮಾಡೋದೂ ಮಾಡಿ ಅವರ ಮೇಲೆ ಹಾಕ್ತೀಯೇನೋ!" ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ಬೆಳಿಗ್ಗೆ ಆ ಟೇಪು ಕತ್ತರಿಸಿಕೊಟ್ಟವಳೇ ನಾನು. ಎರಡು ತುಂಡು ಯಾಕ್ರೀ ಅಂದೆ. ನಿನ್ನ ತಮ್ಮ ಕೆಡಿಸಿದ ಮೇಲೆ ಇನ್ನೊಂದು ಬೇಕಲ್ಲ ಅಂದ್ರು. ನನ್ನ ತಮ್ಮ ಕೆಡಿಸಲ್ಲ ಅಂತ ನಾನು ಜಗಳಾನೇ ಆಡಿದ್ದೆ ಕಣೋ. ಅವರು ಹೇಳಿದ ಹಾಗೇ ಆಯ್ತಲ್ಲೋ!"

ಅವನು ಭಾವನ ಮುಖ ನೋಡಿದ. ಭಾವ ಪೊರಕೆಯನ್ನು ಕಾಲಿನಿಂದ ಅವನತ್ತ ಸರಿಸಿದ.